ಒಂದು ಕಂಡಿಕೆಗೆ ನಾಲ್ಕು ನುಡಿ

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ ಅಂತ ತಿಳಿಯಬೇಡಿ. ಅಪ್ಪನ ಮದುವೆಯಲ್ಲಿ ಬಂದದ್ದೊಂದು ಪಡಸಾಲೆಯ ಗೋಡೆಗೆ ನೇತಾಡುತ್ತಿತ್ತು, ವಾರಕ್ಕೊಮ್ಮೆ ಅದಕ್ಕೆ ಕೀಲಿ ಕೊಡುವ ಶಾಸ್ತ್ರವೂ ತಪ್ಪದೆ ನಡೆಯುತ್ತಿತ್ತು. ಆದರೆ ಅದರ ಮುಖ ನೋಡಿ ಕೆಲಸ ಮಾಡಿದವರು ಯಾರೂ ಇಲ್ಲ. ಬೆಳಗಾವಿ ಶಹಾಪುರದ ಆ ಇಕ್ಕಟ್ಟು ಓಣಿಯ ನಮ್ಮ ಮನೆಯೊಳಗೆ ಹೊತ್ತನ್ನು ಹಾಡಿನಿಂದ ಅಳೆಯುತ್ತಿದ್ದರು. ಅವ್ವ ಒಲೆಯ ಮೇಲೆ ಬೇಳೆ ಇಟ್ಟು "ಮೂರ ಹಾಡಿಗೆ ಇಳಸ್ತೀನಿ" ಅನ್ನುವಳು. ನನಗೆ ಜ್ವರ ಬಂದು ಹಣೆಗೆ ಒದ್ದೆ ಬಟ್ಟೆ ಹಾಕಿದರೆ "ಒಂದ ಹಾಡ ಮುಗಿಯೂತನಾ ಮುಟ್ಟಬ್ಯಾಡ" ಅನ್ನುವಳು. ಹಾಡು ಅಂದರೆ ಒಂದೇ ಹಾಡು, ಗೌರತ್ತಿಯದು. ಅದಕ್ಕೆ ನಾಲ್ಕು ನುಡಿ. ಆ ನಾಲ್ಕು ನುಡಿ ಮುಗಿಯುವುದಕ್ಕೂ ಅತ್ತಿಯ ರಾಟಿಯ ಮೇಲೆ ಒಂದು ಕಂಡಿಕೆ ತುಂಬುವುದಕ್ಕೂ ಸರಿಹೋಗುತ್ತಿತ್ತು. ನೇಕಾರರ ಮನೆಯವರಲ್ಲದವರಿಗೆ ಕಂಡಿಕೆ ಅಂದರೆ ಏನೆಂದು ಹೇಳಬೇಕಲ್ಲ: ಬೆರಳುದ್ದದ ಸಣ್ಣ ಕೊಳವೆ. ಅದಕ್ಕೆ ನೂಲು ಸುತ್ತಿ ಲಾಳಿಯ ಹೊಟ್ಟೆಯೊಳಗೆ ಇಟ್ಟರೆ, ಲಾಳಿ ಮಗ್ಗದ ಮೇಲೆ ಅತ್ತಿಂದಿತ್ತ ಓಡಿ ಸೀರೆಯ ಅಡ್ಡ ಎಳೆಗಳನ್ನು ಹಾಕುತ್ತದೆ. ಹೆಚ್ಚು ತುಂಬಿದರೆ ಲಾಳಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಕಡಿಮೆ ತುಂಬಿದರೆ ಅಂಚಿನ ನಡುವೆಯೇ ಬರಿದಾಗುತ್ತದೆ, ಅವಸರಕ್ಕೆ ಸುತ್ತಿದರೆ ಎಳೆ ಹರಿಯುತ್ತದೆ. ಗೌರತ್ತಿ ತುಂಬಿದ ಕಂಡಿಕೆ ಹದಿನೈದು ವರ್ಷ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಪಡಸಾಲೆಯಿಂದ ಅಪ್ಪ ಕೂಗಿ ಕೇಳುತ್ತಿದ್ದದ್ದೂ ಹಾಗೆಯೇ:

"ಅಕ್ಕಾ, ಹಾಡ ಮುಗೀತೇನ?"

"ಒಂದ ನುಡಿ ಉಳದೈತಿ ತಡಿಯೋ. ಕುಣ್ಯಾಗ ಕುಂತಾಂವ ಎಲ್ಲಿ ಓಡಿ ಹೊಂಟಿ?"

ಕುಣಿ ಅಂದದ್ದು ಅಪ್ಪನ ಕುಣಿಮಗ್ಗಕ್ಕೆ. ನೆಲದಲ್ಲಿ ತೋಡಿದ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಅಪ್ಪ ಸೊಂಟದ ಮೇಲೆ ಮಾತ್ರ ನಮ್ಮವನು, ಕೆಳಗಿನ ಅರ್ಧ ಮಗ್ಗದ್ದು. ಪಡಸಾಲೆ ದಾಟಿದರೆ ನಡುಮನೆ, ಅಲ್ಲಿ ಅತ್ತಿಯ ರಾಟಿ. ರಾಟಿಯ ನೇರಕ್ಕೆ ಮೇಲಿನ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಎರಡು ಕಬ್ಬಿಣದ ಬಳೆಗಳು. ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಒಲೆಯ ಬಾಜೂಕ್ಕೆ ಜೋಳದ ಹಿಟ್ಟಿನ ಡಬ್ಬಿ, ಗೂಡಿನಲ್ಲಿ ವಿಭೂತಿ. ಪಕ್ಕದ ಮನೆಯವರು ಪವರ್‌ಲೂಮ್ ಹಾಕಿಸಿದ ಮೇಲೆ ಆ ಕಡೆಯ ಗೋಡೆ ಹಗಲೆಲ್ಲ ನಡುಗುತ್ತಿತ್ತು. ವಿಭೂತಿಯ ಗಟ್ಟಿ ಗೂಡಿನಲ್ಲಿ ತಾನಾಗಿ ಸರಿಯುತ್ತ ಸರಿಯುತ್ತ ಮಧ್ಯಾಹ್ನದ ಹೊತ್ತಿಗೆ ಕೆಳಗೆ ಬೀಳುತ್ತಿತ್ತು. "ದೇವರ ಎದ್ದ ಹೊಂಟಾನ ನೋಡ ಇವರ ಕಾಟಕ್ಕ" ಅಂತ ಅವ್ವ ಅದನ್ನು ಎತ್ತಿಡುವಳು. ಆ ಸದ್ದಿನಲ್ಲಿ ಓಣಿಯ ಯಾವ ದನಿಯೂ ನಡುಮನೆಗೆ ಬರುತ್ತಿರಲಿಲ್ಲ. ಅತ್ತಿಗೆ ಅದರಿಂದ ಅನುಕೂಲವೇ ಆಗಿತ್ತು. ಅವಳು ಎಷ್ಟು ಗಟ್ಟಿಯಾಗಿ ಹಾಡಿದರೂ ಹೊರಗೆ ಕೇಳುತ್ತಿರಲಿಲ್ಲ.

ಗೌರತ್ತಿ ಅಪ್ಪನ ಅಕ್ಕ. ಅವಳ ಗಂಡ ಗುಂಜಿಯಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದ. ಕಾಡಿನಂಚಿನ ರೈಲ್ವೆ ಖೋಲಿಯಲ್ಲಿ ಮೂರು ವರ್ಷ ಸಂಸಾರ. ಒಂದೇ ಮಳೆಗಾಲದಲ್ಲಿ ಜ್ವರಕ್ಕೆ ಗಂಡ ಹೋದ. ಅವನ ಹಿಂದೆಯೇ ಹುಟ್ಟಿದ ಹೆಣ್ಣುಕೂಸು, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ, ಅದೂ ಹೋಯಿತು. ನಾನು ಇನ್ನೂ ನಡುಮನೆಯ ತೊಟ್ಟಿಲಿನಲ್ಲಿದ್ದ ವರ್ಷ ಅತ್ತಿ ಒಂದು ಟ್ರಂಕು ಹಿಡಿದು ತವರಿಗೆ ಬಂದಳಂತೆ. ಬಂದವಳು ಟ್ರಂಕು ಇಳಿಸಿ ಕೈಕಾಲು ತೊಳೆದು ನನ್ನ ತೊಟ್ಟಿಲಿನ ಹಗ್ಗ ಹಿಡಿದವಳು ಸಂಜೆವರೆಗೆ ಬಿಡಲಿಲ್ಲ ಅಂತ ಅವ್ವ ಹೇಳುತ್ತಿದ್ದಳು. ನನಗೆ ಮಾತು ಕಲಿಸಿದವಳು ಅವಳು. ನಾನು ಇವತ್ತು ನಾಲ್ಕು ಜನರ ನಡುವೆ ಕೂತು ಕತೆ ಹೇಳಿ ನಗಿಸುತ್ತೇನಲ್ಲ, ಆ ನಗೆಯ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾಟಿಯ ಬದಿಯಲ್ಲಿ ಹೆಕ್ಕಿಕೊಂಡವು. ಅವಳದ್ದನ್ನು ತೆಗೆದುಕೊಳ್ಳುವುದು ನನಗೆ ಅಷ್ಟು ರೂಢಿಯಾಗಿತ್ತು, ಕೇಳಬೇಕು ಅಂತಲೇ ಅನ್ನಿಸುತ್ತಿರಲಿಲ್ಲ.

ಊರಲ್ಲಿ ಅತ್ತಿ ರಾಟಿಯ ಮುಂದೆ ಬಿಟ್ಟು ಬೇರೆಲ್ಲೂ ಹಾಡುತ್ತಿರಲಿಲ್ಲ. ಬಂದ ಹೊಸದರಲ್ಲಿ ಬೀಗರ ಮನೆಯ ಅರಿಷಿಣದ ಶಾಸ್ತ್ರದಲ್ಲಿ ಒಂದು ಹಾಡಿಗೆ ಬಾಯಿ ತೆರೆದಳಂತೆ. ಹಿರಿಯಳೊಬ್ಬಳು ಅವಳ ಕೈಯಿಂದ ಅರಿಷಿಣದ ಬಟ್ಟಲು ತೆಗೆದುಕೊಂಡು "ನೀ ಒಳಗ ಕುಂದರ ತಂಗಿ" ಅಂದಳಂತೆ. ಲಿಂಗವಂತರು ನಾವು, ನಮ್ಮಲ್ಲಿ ಅಂಥ ಭೇದ ಇಲ್ಲ ಅಂತ ಎಲ್ಲರೂ ಬಾಯಿಯಲ್ಲಿ ಹೇಳುವವರೇ. ಅತ್ತಿ ಒಳಗೆ ಕೂತಳು, ಆಮೇಲೆ ಒಳಗೇ ಹಾಡಿದಳು. ತನ್ನದೇ ಹಾಡು ಕಟ್ಟಿಕೊಂಡಳು.

ಗಿರಕಿ ಹೊಡಿಯ ರಾಟಿ, ಗಿರಕಿ ಹೊಡಿ,
ಎಳಿ ಹರೀದಂಗ ಮೆಲ್ಲಕ ನಡಿ.

ಅದು ಮೊದಲ ನುಡಿ. ಎರಡನೆಯದರಲ್ಲಿ ಕೆಂಪು ನೂಲು ತುಂಬುತ್ತೇನೆ, ಹಸಿರು ನೂಲು ತುಂಬುತ್ತೇನೆ, ಉಡುವವಳು ಯಾವಳೋ ನಾನೇನು ಕಂಡೆ ಅಂತ ಬರುತ್ತಿತ್ತು. ಮೂರನೆಯದು ರೈಲಿನದು:

ಕಾಡ ಸೀಳಿ ಬರತೈತಿ ಹೊಗಿಗಾಡಿ,
ಇಳದವರ ಮುಖ ನೋಡಿ, ನೋಡಿ, ನೋಡಿ.

ನಾಲ್ಕನೆಯ ನುಡಿಗೆ ಬಂದಾಗ ಅತ್ತಿಯ ದನಿ ತಗ್ಗುತ್ತಿತ್ತು. ರಾಟಿಯ ಗುಂಯ್ ಅನ್ನುವ ಸಪ್ಪಳದ ಕೆಳಗೆ ಇಳಿದು ಹರಿಯುತ್ತಿತ್ತು. ಅದರಲ್ಲಿ ಒಂದು ಹೆಸರು ಬರುತ್ತಿತ್ತು. ಅವ್ವ ರೊಟ್ಟಿ ಬಡಿಯುವಾಗ ಒಮ್ಮೆ ಕೇಳಿದೆ.

"ನಾಕನೇ ನುಡ್ಯಾಗ ಒಂದ ಹೆಸರ ಬರತೈತಲ್ಲ, ಅದು ಯಾರದಬೇ?"

ಅವ್ವ ನಡುಮನೆಯ ಕಡೆ ಒಮ್ಮೆ ನೋಡಿದಳು.

"ಮೆಲ್ಲಕ. ಅದು ಅಕಿ ಕೂಸಿಂದು. ಯಾರೂ ಇಟ್ಟಿದ್ದಿಲ್ಲ, ಅಕಿನ ಇಟಗೊಂಡಾಳ. ಅಕಿ ಮುಂದ ಕೇಳಿಗೀಳಿ ಮತ್ತ."

ನಾನು ಕೇಳಲಿಲ್ಲ. ಆ ಹೆಸರು ಇಡೀ ಜಗತ್ತಿನಲ್ಲಿ ಆ ಒಂದು ನುಡಿಯಲ್ಲಷ್ಟೇ ಇದೆ, ಬೇರೆಲ್ಲೂ ಯಾವ ಕಾಗದದಲ್ಲೂ ಇಲ್ಲ, ಅನ್ನುವುದು ನನಗೆ ಗೊತ್ತಾಗಿತ್ತು. ಗೊತ್ತಿತ್ತು ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ತಿಳಿಯದ ವಯಸ್ಸು ಅಂತ ಹಾರಿಸಿಬಿಡಲು ಬಹಳ ಜನ ತಯಾರಿದ್ದಾರೆ, ನನ್ನ ಗಂಡನೂ ಸೇರಿ.

ಸಾಲಿಯ ಗ್ಯಾದರಿಂಗಿನಲ್ಲಿ ನಾನು ಹಾಡಿದ್ದನ್ನು ಕೇಳಿ ವಸಂತ ಮಾಸ್ತರು ನಮ್ಮ ಮನೆಗೆ ಬಂದರು. ರವಿವಾರ ಪೇಟೆಯಲ್ಲಿ ಒಂದು ಬೆಲ್ಲದ ಅಂಗಡಿಯ ಮಾಳಿಗೆಯ ಮೇಲೆ ಅವರ ಆರ್ಕೆಸ್ಟ್ರಾ. ಮನೆಮಾತು ಮರಾಠಿ, ಪೇಟೆಯ ಮಾತು ಕನ್ನಡ, ಸಿಟ್ಟು ಬಂದರೆ ಹಿಂದಿ. ಆಗ ಎಲ್ಲ ಕಡೆ ಡಿಸ್ಕೋದ ಹುಚ್ಚು. ಮಿಂಚುವ ಅಂಗಿ ಹಾಕಿ, ಕಾಲು ಕುಣಿಸುವ ಹಾಡು ಬೇಕು, ಅದೂ ಕನ್ನಡದಲ್ಲಿ ಬೇಕು, ಹೊಸ ದನಿ ಬೇಕು ಅಂತ ಒಂದು ಕ್ಯಾಸೆಟ್ ಕಂಪನಿಯವರು ಅವರ ಬೆನ್ನು ಹತ್ತಿದ್ದರು. ಮಾಸ್ತರು ಕಂಬಳಿಯ ಮೇಲೆ ಕೂತು ಬಸಿಯಲ್ಲಿ ಚಹಾ ಸುರಿದುಕೊಂಡು ಮಾತು ತೆಗೆದರು. ಅಪ್ಪ ಕುಣಿಯಿಂದ ಮೇಲೆ ಏಳಲೇ ಇಲ್ಲ. ಅದೇ ಅವನ ಅರ್ಧ ಉತ್ತರ.

"ಹೆಣ್ಣ ಹುಡುಗಿ ಆರ್ಕೆಸ್ಟ್ರಾದಾಗ ಹಾಡೂದಂದ್ರ ಹೆಂಗ್ರಿ ಮಾಸ್ತರ? ನಾಳೆ ಕನ್ಯಾ ನೋಡಾಕ ಬಂದವರು ಏನಂತಾರು?"

"ಏನಂತಾರ್ರಿ, ಒಂದ ಹಾಡ ಹಾಡವಾ ಅಂತಾರ."

ಅಪ್ಪ ನಗಲಿಲ್ಲ. ಲಾಳಿ ಎಸೆದ, ಹಲಗೆ ಬಡಿದ, ಮತ್ತೆ ಎಸೆದ. ನಡುಮನೆಯ ಬಾಗಿಲ ಹಿಂದೆ ರಾಟಿ ನಿಂತದ್ದು ಆಗ. ಅತ್ತಿ ಹೊರಗಿನ ಗಂಡಸರ ಮುಂದೆ ಬಂದು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಶಂಕ್ರಾ, ಹಾಡಲಿ ಬಿಡೊ."

"ನೀ ಸುಮ್ಮಕಿರಕ್ಕಾ, ನಿನಗ ತಿಳಿಯೂದಿಲ್ಲ."

"ನನಗ ತಿಳೀದ ಇನ್ಯಾರಿಗೆ ತಿಳದೀತು? ನನ್ನ ಬಾಯಿ ಮುಚಗೋ ಅಂದ್ರಿ, ಮುಚಗೊಂಡೆ. ಅಕಿ ಬಾಯಿನೂ ಮುಚ್ಚಿ ಏನ ಕಟಗೊಂಡ ಹೋಗ್ತೀರಿ? ಹಾಡಲಿ. ಊರ ಕೇಳಲಿ."

ಊರು ಕೇಳಲಿ ಅಂದಳು. ಅಪ್ಪ ಲಾಳಿ ಬದಿಗಿಟ್ಟ. ಆಮೇಲೆ "ಕತ್ತಲಾಗೂದರಾಗ ಮನಿಗೆ ತಂದ ಬಿಡಬೇಕು ನೋಡ್ರಿ ಮತ್ತ" ಅಂದ. ಅವತ್ತು ಅತ್ತಿ ನನಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದಳು, ತಲೆ ನೋಯುವಷ್ಟು. "ಎದಿ ತುಂಬ ಉಸರ ತಗೊಂಡ ಹಾಡವ್ವಾ" ಅಂತ ನೆತ್ತಿ ತಟ್ಟಿದಳು.

ಮಾಳಿಗೆಯ ಮೇಲೆ ಎಂಟು ದಿನ ತಾಲೀಮು ನಡೆಯಿತು. ಕೆಳಗಿನಿಂದ ಬೆಲ್ಲದ ವಾಸನೆ, ಮೇಲೆ ಡ್ರಮ್ಮು, ಗಿಟಾರು, ಹೊಸ ಕೀಬೋರ್ಡು. ಮಾಸ್ತರು ಬರೆದು ತಂದ ಹಾಡು ಯಾಕೋ ಕುಣಿಯುತ್ತಿರಲಿಲ್ಲ. ನಾನು ಹಾಡಿದರೆ ಸಾಲಿಯ ಪ್ರಾರ್ಥನೆಯ ಹಾಗೆ ಆಗುತ್ತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಬೇಸತ್ತು ಅವಲಕ್ಕಿ ತಿನ್ನುತ್ತ ಕೂತಾಗ ನನ್ನ ಬೆರಳು ತಾನಾಗಿ ಬೆಂಚಿನ ಮೇಲೆ ತಿರುಗತೊಡಗಿತು, ಬಾಯಲ್ಲಿ ಅತ್ತಿಯ ಹಾಡು ಬಂತು.

"ಥಾಂಬ, ಥಾಂಬ, ನಿಲ್ಲು! ಏನದು? ಇನ್ನೊಮ್ಮೆ ಅನ್ನು."

ಅಂದೆ. ಮಾಸ್ತರು ತಟ್ಟೆ ಸರಿಸಿ ಬೆಂಚು ಬಡಿಯತೊಡಗಿದರು. ಡ್ರಮ್ಮಿನವನು ಎದ್ದ. ನಮ್ಮ ಪಕ್ಕದ ಮನೆಯ ಪವರ್‌ಲೂಮಿನ ಧಡ್ ಧಡ್ ಅನ್ನುವ ಹೊಡೆತದ ಮೇಲೆ ಅತ್ತಿಯ ರಾಟಿಯನ್ನು ಕೂರಿಸಿದ ಹಾಗೆ ಆಯಿತು. ನನ್ನ ಮೈಯಲ್ಲಿ ಜುಮ್ ಅಂದದ್ದು ಸುಳ್ಳಲ್ಲ.

"ಇದರ ಹೊಟ್ಟ್ಯಾಗ ತಾಳ ಕುಂತದಲ್ಲ! ಎಲ್ಲಿಂದ ತಂದಿ ಇದನ್ನ?"

"ನಮ್ಮ ಮನ್ಯಾಗ ಹಾಡ್ತಾರ್ರಿ."

"ಯಾರು?"

ಇಲ್ಲಿ ಒಂದು ಉಸಿರಿನಷ್ಟು ಜಾಗ ಇತ್ತು. ನಾನು ಅದನ್ನು ಈಗಲೂ ಅಳೆಯುತ್ತೇನೆ. ಅತ್ತಿ ಅಂತ ಎರಡಕ್ಷರ ಹೇಳಲು ಸಾಕಾಗುವಷ್ಟು ಇತ್ತು.

"ಎಲ್ಲಾರೂ ಹಾಡ್ತಾರ್ರಿ."

"ಅಂದ್ರ ಜಾನಪದ."

"ಹೂಂ ರೀ."

ಅತ್ತಿಯ ಹೆಸರು ಹೇಳಿದರೆ ಮಾಸ್ತರು ಮನೆಗೆ ಬಂದು ಕೇಳುತ್ತಾರೆ, ಅಪ್ಪ ಸಿಟ್ಟಾಗಿ ಎಲ್ಲ ನಿಲ್ಲಿಸುತ್ತಾನೆ, ಅದಕ್ಕೆ ಹೆದರಿ ಹೇಳಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಮಾಳಿಗೆಯ ಮೇಲೆ ಆರು ಜನ ದೊಡ್ಡವರು ನನ್ನ ಮುಖ ನೋಡುತ್ತಿದ್ದರು. ಯಾರೂ ಯಾವತ್ತೂ ನನ್ನನ್ನು ಹಾಗೆ ನೋಡಿರಲಿಲ್ಲ. ಆ ನೋಟದಲ್ಲಿ ಇನ್ನೊಬ್ಬರಿಗೆ ಪಾಲು ಕೊಡಲು ನನಗೆ ಮನಸ್ಸಾಗಲಿಲ್ಲ. ಅಷ್ಟೇ.

ಧ್ವನಿಮುದ್ರಣ ಕೊಲ್ಲಾಪುರದಲ್ಲಿ. ಗೋಡೆಗೆಲ್ಲ ತತ್ತಿಯ ಟ್ರೇ ಹೊಡೆದ ಒಂದು ಸಣ್ಣ ಖೋಲಿ. ಕಿವಿಗೆ ದೊಡ್ಡ ಹೆಡ್‌ಫೋನು. ರಾಟಿ ಅಂದರೆ ಯಾರು ಕುಣಿಯುತ್ತಾರೆ ಅಂತ ಕಂಪನಿಯವರು ಅದನ್ನು "ರಾಣಿ" ಮಾಡಿದರು. ಗಿರಕಿ ಹೊಡಿಯ ರಾಣಿ. "ನೋಡಿ, ನೋಡಿ, ನೋಡಿ" ಅನ್ನುವುದನ್ನು ಎಂಟು ಸಲ ಹೇಳಿಸಿದರು. ಅತ್ತಿ ರೈಲಿನಿಂದ ಇಳಿಯುವವರಲ್ಲಿ ಯಾರನ್ನು ಹುಡುಕುತ್ತಿದ್ದಳೋ ಆ ನೋಟ ಈಗ ಸೊಂಟ ಬಳುಕಿಸುವ ಜಾಗವಾಯಿತು. ಮೆಲ್ಲಕ ನಡಿ ಅನ್ನುವ ಮಾತನ್ನು ನಾನು ಓಡುತ್ತ ಹಾಡಿದೆ. ಮೂರು ನುಡಿ ಆದ ಮೇಲೆ ಮಾಸ್ತರು ಗಾಜಿನ ಆಚೆಯಿಂದ ಕೈ ಮಾಡಿದರು.

"ಇನ್ನೊಂದ ನುಡಿ ಇದ್ರ ಛಲೋ ಇತ್ತು. ಇಲ್ಲೇನ ಸುವರ್ಣಾ?"

"ಇಲ್ರಿ. ಮೂರ ಅದಾವು."

ಆ ಹೆಸರು ಬಂದರೆ ಇದು ಎಲ್ಲರ ಹಾಡಲ್ಲ, ಯಾರೋ ಒಬ್ಬಾಕೆಯ ಹಾಡು ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೇ ಇಲ್ಲ ಅಂದೆ. ಮೊದಲನೆಯ ಸುಳ್ಳು ಬಾಯಿ ತಪ್ಪಿ ಬಂದದ್ದು ಅಂತ ಯಾರಾದರೂ ನನ್ನ ಪರ ವಾದ ಮಾಡಬಹುದು. ಎರಡನೆಯದಕ್ಕೆ ವಾದ ಇಲ್ಲ.

ಕ್ಯಾಸೆಟ್ಟು ಬಂತು. ಮೇಲೆ ನನ್ನ ಫೋಟೋ, ಮಿಂಚುವ ನೀಲಿ ಅಂಗಿ, ಯಾರೋ ಹಚ್ಚಿದ ತುಟಿಯ ಬಣ್ಣ. ಹಾಡಿದವರು ಕುಮಾರಿ ಸುವರ್ಣಾ. ಸಾಹಿತ್ಯ ಜಾನಪದ. ನಮ್ಮ ಮನೆಯಲ್ಲಿ ಟೇಪು ಇರಲಿಲ್ಲ. ಅತ್ತಿ ಫೋಟೋವನ್ನೇ ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಒರೆಸಿ, ದೇವರ ಜಗುಲಿಯ ಮೇಲೆ ಇಟ್ಟಳು. "ಯಾವ ಹಾಡ ಹಾಡಿದಿ?" ಅಂತ ಕೇಳಿದಳು. "ಮಾಸ್ತರು ಬರದದ್ದು" ಅಂದೆ. ಹದಿನೈದು ದಿನದಲ್ಲಿ ಬೆಳಗಾವಿಯ ಟೆಂಪೋಗಳಲ್ಲಿ, ಚಹಾದಂಗಡಿಗಳಲ್ಲಿ, ಬ್ಯಾಂಡಿನವರ ಬಾಯಲ್ಲಿ ಅದೇ ಹಾಡು. ಅಪ್ಪ ಎಲ್ಲಿ ಕೇಳಿದನೋ, ಒಂದು ಸಂಜೆ ನನ್ನನ್ನು ಹಿತ್ತಲಿಗೆ ಕರೆದ.

"ಅಕ್ಕನ ಕೇಳಿ ಹಾಡಿದಿಲ್ಲೊ?"

"ಹೂಂ."

ಅವನು ನಂಬಿದನೋ, ನಂಬಿದ ಹಾಗೆ ಇರುವುದೇ ಸುಲಭ ಅಂದುಕೊಂಡನೋ ಗೊತ್ತಿಲ್ಲ. ಮತ್ತೆ ಕೇಳಲಿಲ್ಲ.

ವರ್ಷಕ್ಕೊಮ್ಮೆ ಅತ್ತಿ ಗುಂಜಿಗೆ ಹೋಗುತ್ತಿದ್ದಳು, ಜೊತೆಗೆ ಯಾವಾಗಲೂ ನಾನು. ಖಾನಾಪುರದವರೆಗೆ ಬಸ್ಸು, ಅಲ್ಲಿ ಸಂತೆಯಲ್ಲಿ ಹೂವು ಬಾಳೆಹಣ್ಣು ಕೊಂಡು, ಒಂದು ಚಹಾ ಕುಡಿದು, ಮುಂದೆ ರೈಲು. ಗುಂಜಿಯ ಸ್ಟೇಷನ್ನು ದಾಟಿ ಹಳಿಯ ಬದಿಗೆ ನಡೆದರೆ ಕಾಡು ಶುರುವಾಗುವಲ್ಲಿ ಒಂದು ಮತ್ತಿಯ ಮರ. ಅದರ ಬುಡದಲ್ಲಿ, ಗಂಡನನ್ನೂ ಕೂಸನ್ನೂ ಮಣ್ಣು ಮಾಡಿದಲ್ಲಿ, ಎರಡು ಕಲ್ಲು. ಅತ್ತಿ ಹೂವಿಟ್ಟು ಕೂತು, ಬರಿಗೈಯನ್ನು ರಾಟಿಯ ಹಾಗೆ ತಿರುಗಿಸುತ್ತ ನಾಲ್ಕೂ ನುಡಿ ಹಾಡುತ್ತಿದ್ದಳು. ಮನೆಯ ಹೊರಗೆ ಅವಳು ಹಾಡುತ್ತಿದ್ದ ಜಾಗ ಅದೊಂದೇ. ಆ ವರ್ಷವೂ ಹೊರಟೆವು. ಖಾನಾಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ ಕೂತಿದ್ದೇವೆ, ಮಾಲಕ ರೊಕ್ಕದ ಗಲ್ಲೆಯ ಪಕ್ಕದ ಟೇಪಿನ ಗುಂಡಿ ಒತ್ತಿದ. ಧಡ್ ಧಡ್ ಅಂತ ಡ್ರಮ್ಮು. ಆಮೇಲೆ ನಾನು.

ಅತ್ತಿಯ ಕೈಯಲ್ಲಿ ಬಸಿ ಇತ್ತು. ಅದನ್ನು ಕೆಳಗಿಡಲಿಲ್ಲ, ಬಾಯಿಗೂ ಒಯ್ಯಲಿಲ್ಲ. ಹೊರಗೆ ಟ್ರಕ್ಕಿನಿಂದ ಇಳಿದ ನಾಲ್ಕು ಜನ ಹಮಾಲರು ಹೆಗಲ ಮೇಲಿನ ಟವೆಲ್ಲು ಬೀಸುತ್ತ ಕುಣಿಯತೊಡಗಿದರು. ಅವರಿಗೆ ಕನ್ನಡ ಬಾರದು, ಆದರೂ "ನೋಡಿ ನೋಡಿ ನೋಡಿ" ಅಂತ ಸರಿಯಾಗಿ ಕೂಗುತ್ತಿದ್ದರು. ಮಾಲಕ ಖುಷಿಯಲ್ಲಿ ಅತ್ತಿಗೆ ಹೇಳಿದ:

"ಐಕಾ ಮಾವಶಿ, ಆಪಲ್ಯಾ ಬೆಳಗಾಂವಚೀ ಪೋರಗಿ ಹಾಯ. ನಮ್ಮ ಬೆಳಗಾವಿ ಹುಡುಗಿ ಹಾಡ್ಯಾಳ್ರಿ!"

ಅತ್ತಿ ತಲೆಯಾಡಿಸಿದಳು. ನನ್ನ ಕಡೆ ನೋಡಲಿಲ್ಲ. ಮೂರನೆಯ ನುಡಿ ಮುಗಿಯಿತು. ಅವಳು ಬಸಿ ಹಿಡಿದುಕೊಂಡೇ ಕಾದಳು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆ ಅಂತ ಆ ಹೋಟೆಲಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಟೇಪಿನಲ್ಲಿ ಸ್ವಲ್ಪ ಗರಗರ ಸದ್ದಾಗಿ ಬೇರೆ ಹಾಡು ಹತ್ತಿತು.

"ಮುಗೀತ?" ಅಂದಳು.

"ಹೂಂ ಅತ್ತಿ."

"ಹಂಗಾರ ನಡಿ. ಗಾಡಿ ಬರೂ ಹೊತ್ತಾತು."

ಬಯ್ದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಗುಂಜಿಯಲ್ಲಿ ಮರದ ಬುಡದಲ್ಲಿ ಹೂವಿಟ್ಟಳು, ಬಾಳೆಹಣ್ಣು ಸುಲಿದಿಟ್ಟಳು, ಕೂತಳು. ಕೈ ತೊಡೆಯ ಮೇಲೆ ಸುಮ್ಮನಿತ್ತು. ಒಂದು ಗೂಡ್ಸ್ ಗಾಡಿ ಹೋಯಿತು. ಅದರ ಕೊನೆಯ ಡಬ್ಬಿ ಕಣ್ಮರೆಯಾದ ಮೇಲೆ ಎದ್ದು ಸೀರೆ ಝಾಡಿಸಿಕೊಂಡಳು. ಆ ವರ್ಷ ಅಲ್ಲಿ ಹಾಡಾಗಲಿಲ್ಲ. ಆ ಕಲ್ಲುಗಳ ಮುಂದೆ ನಾನು ಬಾಯಿ ಬಿಟ್ಟು ತಪ್ಪಾಯಿತು ಅನ್ನಬಹುದಿತ್ತು. ಬಾಳೆಹಣ್ಣಿನ ಸಿಪ್ಪೆ ಎತ್ತಿ ದೂರ ಎಸೆದೆ, ಏನೋ ದೊಡ್ಡ ಕೆಲಸ ಮಾಡಿದವಳ ಹಾಗೆ.

ಮರುದಿನ ಬೆಳಿಗ್ಗೆ ರಾಟಿಯ ಸಪ್ಪಳ ಇತ್ತು, ಹಾಡು ಇರಲಿಲ್ಲ. ಅದರ ಮರುದಿನವೂ ಇಲ್ಲ. ನಮ್ಮ ಮನೆಯ ಹೊತ್ತೇ ಕೆಟ್ಟುಹೋಯಿತು. ಅವ್ವನ ಬೇಳೆ ಒಂದು ದಿನ ತಳ ಹಿಡಿಯಿತು, ಒಂದು ದಿನ ಹಸಿ ಇಳಿಯಿತು. ಝುಣಕ ಸೀದು ಓಣಿಯೆಲ್ಲ ಘಾಟು. ಅವಳು ಮೊದಲ ಸಲ ಸೌಟು ಹಿಡಿದುಕೊಂಡು ಪಡಸಾಲೆಗೆ ಬಂದು ಗಡಿಯಾರದ ಮುಖ ನೋಡಿ, "ಸುವ್ವೀ, ದೊಡ್ಡ ಮುಳ್ಳ ಎಲ್ಲಿ ಬಂದ್ರ ಒಂದ ಹಾಡಾತು?" ಅಂತ ಕೇಳಿದಳು. ಕಂಡಿಕೆಗಳೂ ಕೆಟ್ಟವು. ಒಂದು ಲಾಳಿಯಲ್ಲಿ ಸಿಕ್ಕಿಕೊಳ್ಳುವುದು, ಇನ್ನೊಂದು ನಡುವೆಯೇ ಬರಿದಾಗುವುದು. ಅಪ್ಪ ದಿನಕ್ಕೆ ಹತ್ತು ಸಲ ಹರಿದ ಎಳೆ ಗಂಟು ಹಾಕುತ್ತಿದ್ದ. ಕೊನೆಗೆ ತಡೆಯದೆ ಕೂಗಿದ:

"ಏನಾಗೇತಕ್ಕಾ ನಿನ್ನ ಕೈಗೆ? ಕಣ್ಣ ಮಂಜ ಬಂದಾವೇನು?"

"ಬಂದಿರಬೇಕ ತಮ್ಮಾ. ವಯಸ್ಸಾತಲ್ಲ."

ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಆಗ ಹೇಳಬಹುದಿತ್ತು. ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದಿದೆ. ಅತ್ತಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು, ಯಾವಾಗಲೂ ಇಡುವಷ್ಟೇ. ಅವಳು ನನ್ನ ಮೇಲಿನ ಅಕ್ಕರೆಯನ್ನು ಒಂದೆಳೆಯೂ ಕಡಿಮೆ ಮಾಡಲಿಲ್ಲ. ಅವಳು ನನಗೆ ಕೊಟ್ಟ ಶಿಕ್ಷೆ ಅದು ಅಂತ ನಾನು ಬಹಳ ದಿನ ತಿಳಿದಿದ್ದೆ. ಶಿಕ್ಷೆ ಕೊಡುವುದು ಅವಳಿಗೆ ಬರುತ್ತಲೇ ಇರಲಿಲ್ಲ ಅನ್ನುವುದು ಈಗ ತಿಳಿಯುತ್ತದೆ, ಅದು ಇನ್ನೂ ಭಾರ.

ಹಾಡು ನನ್ನನ್ನು ಏಳೆಂಟು ವರ್ಷ ಹೊತ್ತು ತಿರುಗಿತು. ಗಣಪತಿ ಹಬ್ಬದ ಮಂಟಪಗಳಲ್ಲಿ, ಮದುವೆಗಳಲ್ಲಿ, ಊರೂರ ಮೈದಾನದಲ್ಲಿ ಜನ ಬೇರೆ ಹಾಡು ಹಾಡಗೊಡುತ್ತಿರಲಿಲ್ಲ. ಎರಡನೆಯ ಕ್ಯಾಸೆಟ್ಟು ಬಂತು, ಮೂರನೆಯದೂ ಬಂತು, ಯಾರೂ ಕೇಳಲಿಲ್ಲ. ಅವು ಖರೇ ಮಾಸ್ತರು ಬರೆದವು. ಆಮೇಲೆ ಜನಕ್ಕೆ ಬೇರೆ ದನಿಗಳು ಸಿಕ್ಕವು, ನನಗೆ ಖಾನಾಪುರದಲ್ಲಿ ಗಂಡು ಸಿಕ್ಕಿತು. ಮಾಸ್ತರು ಹೇಳಿದ ಹಾಗೆಯೇ, ಕನ್ಯೆ ನೋಡಲು ಬಂದವರು ಒಂದು ಹಾಡು ಹಾಡವ್ವಾ ಅಂದರು. ಹಾಡಿದೆ, ಅದನ್ನೇ. ಅತ್ತಿ ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ಹೆಣ್ಣುಕೂಸು. ನಡುಮನೆಯ ತೊಲೆಯ ಆ ಎರಡು ಬಳೆಗಳಿಗೆ ಅಪ್ಪ ಮತ್ತೆ ತೊಟ್ಟಿಲು ಕಟ್ಟಿದ. ಪಡಸಾಲೆಯಲ್ಲಿ ಅವನ ಮಗ್ಗದ ಮೇಲೆ ಕೊನೆಯ ಸೀರೆ ಇತ್ತು. ಅದು ಮುಗಿದರೆ ಮಗ್ಗ ಬಿಚ್ಚುವುದು ಅಂತ ಠರಾವಾಗಿತ್ತು. ನಾಮಕರಣಕ್ಕೆ ಎರಡು ದಿನ ಇರುವಾಗ, ಒಂದು ಬೆಳಿಗ್ಗೆ, ಬೆನ್ನಿಗೆ ಬಿಸಿನೀರು ಹಾಕಿಸಿಕೊಂಡು ಬಂದು ಕೂಸಿನ ಮುಖ ನೋಡುತ್ತ ಕೂತಾಗ ನನಗೆ ಒಂದು ಯೋಚನೆ ಬಂತು. ಆ ಹೆಸರು ಇವಳಿಗೆ ಇಡೋಣ. ಅತ್ತಿಯ ಕೂಸಿನ ಹೆಸರು ಈ ಮನೆಯಲ್ಲಿ ಗಟ್ಟಿಯಾಗಿ ಕೂಗುವ ಹೆಸರಾಗಲಿ. ಎಷ್ಟು ಒಳ್ಳೆಯವಳು ನಾನು ಅಂತ ಕಣ್ಣಲ್ಲಿ ನೀರೂ ಬಂತು. ಹೆಸರನ್ನು ಬಾಯಿಗೆ ತಂದುಕೊಳ್ಳಲು ನಾಲ್ಕನೆಯ ನುಡಿ ಶುರು ಮಾಡಿದೆ. ಬರಲಿಲ್ಲ. ಮೊದಲಿನಿಂದ ಹಾಡಿಕೊಂಡು ಬಂದೆ, ದೂರದಿಂದ ಓಡಿ ಬಂದು ಹಳ್ಳ ಹಾರುವವರ ಹಾಗೆ. ಮೂರು ನುಡಿ ಸರಸರ ಬಂದವು. ನಾಲ್ಕನೆಯದರ ಜಾಗದಲ್ಲಿ ಡ್ರಮ್ಮು ಬಡಿಯಿತು. ಹೇಗೆ ಮರೆತೆ ಅಂತ ನೀವು ಕೇಳಬಹುದು. ನೂರಾರು ಸಲ ಮೂರಕ್ಕೆ ನಿಲ್ಲಿಸಿ ಕೈ ಮುಗಿದಿದ್ದೆ. ನನ್ನ ಬಾಯಿ ಅಲ್ಲಿ ಹಾಡು ಮುಗಿಯಿತು ಅಂತ ನಂಬಿಬಿಟ್ಟಿತ್ತು. ಅವ್ವನನ್ನು ಕೇಳಿದೆ, ಅವಳಿಗೆ ನೆನಪಿಲ್ಲ. ಅಪ್ಪನಿಗೆ ಅದು ಹೆಸರು ಅಂತಲೇ ಗೊತ್ತಿರಲಿಲ್ಲ. ಉಳಿದದ್ದು ಒಂದೇ ಬಾಗಿಲು.

ಅತ್ತಿ ರಾಟಿಯ ಮುಂದೆ ಕೂತು ನೂಲಿನ ಲಡಿ ಬಿಡಿಸುತ್ತಿದ್ದಳು. ಕಣ್ಣು ಖರೇನೇ ಮಂಜಾಗಿದ್ದವು ಆಗ.

"ಅತ್ತಿ, ನಾ ತಪ್ಪ ಮಾಡೇನಿ."

"ಏನ ಮಾಡಿದ್ಯವ್ವಾ? ಕೂಸಿಗೆ ಕಾಡಗಿ ಹಚ್ಚಿಲ್ಲೇನ?"

"ಹಾಡು. ನಿನ್ನ ಹಾಡ ನಾ ಎಲ್ಲಾರದಂತ ಹೇಳೇನಿ."

ಅವಳ ಕೈ ಲಡಿಯಲ್ಲಿ ಎಳೆಯ ತುದಿ ಹುಡುಕುತ್ತಲೇ ಇತ್ತು.

"ಆತ ಬಿಡು. ಊರ ಕೇಳಲಿ ಅಂತ ನಾನ ಅಂದಿದ್ದೆ. ಕೇಳ್ತು."

"ನಾಕನೇ ನುಡಿ ಬಿಟ್ಟೇನಿ."

"ಅದ ಗೊತ್ತೈತಿ."

"ಆ ಹೆಸರ ನನ್ನ ಮಗಳಿಗೆ ಇಡತೀನಿ ಅತ್ತಿ. ಒಮ್ಮೆ ಹೇಳು. ನನಗ, ನನಗ ನೆನಪಾಗವಲ್ತು."

ಆಗ ಅವಳು ಮುಖ ಎತ್ತಿದಳು. ಖಾನಾಪುರದ ಹೋಟೆಲಿನಲ್ಲಿ ನೋಡದೆ ಬಿಟ್ಟ ನೋಟ ಅಷ್ಟು ವರ್ಷದ ಮೇಲೆ ನನ್ನ ಮೇಲೆ ಬಂತು. ಸಿಟ್ಟು ಇರಲಿಲ್ಲ. ಮಂಜಾದ ಕಣ್ಣಿನಿಂದ, ಇವಳು ಯಾರ ಮಗಳು ಅಂತ ಗುರುತು ಹಿಡಿಯುವ ಹಾಗೆ ಸ್ವಲ್ಪ ಹೊತ್ತು ನೋಡಿದಳು.

"ಬ್ಯಾಡ ತಂಗಿ. ಅದೊಂದ ನನಗಿರಲಿ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಪಡಸಾಲೆಯಿಂದ ಅಪ್ಪನ ದನಿ ಬಂತು, ಕಂಡಿಕೆ ಮುಗಿದಿದೆ ಅಂತ. ಅತ್ತಿ ಖಾಲಿ ಕಂಡಿಕೆಯನ್ನು ಕದಿರಿಗೆ ಸಿಕ್ಕಿಸಿ, ಎಳೆ ಹಚ್ಚಿ, ರಾಟಿಯ ಹಿಡಿಕೆ ಹಿಡಿದಳು. ತಿರುಗಿಸುವ ಮೊದಲು ನನಗೆ ಹೇಳಿದಳು:

"ಹಾಡು."

"ನಾನಾ?"

"ನನ್ನ ಉಸರ ಸಾಲೂದಿಲ್ಲ. ಮೆಲ್ಲಕ ಹಾಡು. ರಾಟಿ ಅನ್ನು, ರಾಣಿಗೀಣಿ ಅಂದಿ ಮತ್ತ."

ಹಾಡಿದೆ. ಎಷ್ಟೋ ವರ್ಷದ ಮೇಲೆ ಮೆಲ್ಲಕ ನಡಿ ಅನ್ನುವುದನ್ನು ಮೆಲ್ಲಗೆ ಹಾಡಿದೆ. ಅವಳ ಕೈ ನನ್ನ ದನಿಯ ಜೊತೆ ತಿರುಗಿತು. ಕೆಂಪು ನೂಲು, ಹಸಿರು ನೂಲು. ಕಾಡು ಸೀಳಿ ಬರುವ ಗಾಡಿ. ನೋಡಿ, ನೋಡಿ, ನೋಡಿ. ಅಲ್ಲಿಗೆ ನನ್ನದು ಮುಗಿಯಿತು. ಕಂಡಿಕೆ ಮುಕ್ಕಾಲು ತುಂಬಿತ್ತು. ನಾನು ಬಾಯಿ ಮುಚ್ಚಿದೆ, ಅತ್ತಿಯ ಕೈ ನಿಲ್ಲಲಿಲ್ಲ. ಅದೇ ನಡೆಯಲ್ಲಿ ರಾಟಿ ಗುಂಯ್ ಅನ್ನುತ್ತ ತಿರುಗಿತು, ಅವಳ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ನಾನು ಆ ತುಟಿಯನ್ನೇ ನೋಡಿದೆ. ಒಂದಕ್ಷರವೂ ನನ್ನ ಕೈಗೆ ಸಿಗಲಿಲ್ಲ. ತೊಟ್ಟಿಲಿನಲ್ಲಿ ನನ್ನ ಮಗಳು ಆ ಸಪ್ಪಳಕ್ಕೆ ಕಣ್ಣು ಮುಚ್ಚಿ ಮಲಗಿದ್ದಳು.

ರಾಟಿ ನಿಂತಿತು. ಅತ್ತಿ ಎಳೆ ಹರಿದು, ಕಂಡಿಕೆ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು. ಬೆಚ್ಚಗಿತ್ತು.

"ಒಯ್ದ ನಿಮ್ಮಪ್ಪಗ ಕೊಡು."

ಅಪ್ಪ ಕುಣಿಯೊಳಗಿಂದ ಕೈ ಚಾಚಿ ತೆಗೆದುಕೊಂಡ. ಲಾಳಿಗೆ ಹಾಕುವ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿದ, ಮತ್ತೊಮ್ಮೆ ಒತ್ತಿ ನೋಡಿದ.

"ಸುವ್ವೀ, ಇವತ್ತ ಅಕ್ಕ ಹಾಡ ಪೂರಾ ಹಾಡಿದ್ಲೇನ?"

"ಹೂಂ ಅಪ್ಪಾ, ಪೂರಾ" ಅಂದೆ. ಆ ಹಾಡಿನ ಬಗ್ಗೆ ಅಪ್ಪನ ಮುಂದೆ ನಾನು ಹೇಳಿದ ಖರೇ ಮಾತು ಅದೊಂದೇ.